ನಾಲ್ಕನೆಯ ಸ್ಕ್ರೂ

ತಲೆ ಸವೆದ ಸ್ಕ್ರೂ ಬಿಚ್ಚುವುದರಲ್ಲಿ ಮೇಸ್ತ್ರಿಯನ್ನು ಮೀರಿಸುವವರು ಆ ಸುತ್ತಮುತ್ತ ಯಾರೂ ಇರಲಿಲ್ಲ. ನೀರೆತ್ತುವ ಪಂಪು, ಔಷಧಿ ಹೊಡೆಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಪುಟ್ಟ ಜನರೇಟರು, ಹೀಗೆ ಒಬ್ಬ ಆಳು ಎತ್ತಿಕೊಂಡು ಬರಬಹುದಾದಷ್ಟು ಸಣ್ಣ ಎಂಜಿನ್‌ಗಳೇ ಅವನ ಅಂಗಡಿಗೆ ಬರುತ್ತಿದ್ದವು. ಬೇರೆ ಮೆಕ್ಯಾನಿಕ್‌ಗಳು ಕೈಯಾಡಿಸಿ ಕೆಡಿಸಿ, ಕೊನೆಗೆ ಕೈಚೆಲ್ಲಿ, ಕಾರ್ಬೊರೇಟರನ್ನು ಕಾಗದದಲ್ಲಿ ಸುತ್ತಿಕೊಂಡು ಹಿಂಬಾಗಿಲಿನಿಂದ ಅವನ ಹತ್ತಿರವೇ ಬರುತ್ತಿದ್ದರು. ಅಷ್ಟರಲ್ಲಿ ಸ್ಕ್ರೂವಿನ ತಲೆಯ ಮೇಲಿನ ಗೀರು ಸವೆದು ಬಟ್ಟಲಿನಂತೆ ನುಣ್ಣಗಾಗಿರುತ್ತಿತ್ತು.

ಮೇಸ್ತ್ರಿ ಮೊದಲು ಅದನ್ನು ಬರಿದೇ ನೋಡುತ್ತಿದ್ದ. ಒಂದು ಹನಿ ಎಣ್ಣೆ ಬಿಟ್ಟು, ತಿಂಡಿಗೆ ಎದ್ದು ಹೋಗುತ್ತಿದ್ದ. ತಿಂಡಿ ಮುಗಿಸಿ ಬಂದು ಸ್ಕ್ರೂವಿನ ನೆತ್ತಿಗೆ ಉಳಿಯಿಟ್ಟು ಸಣ್ಣ ಸುತ್ತಿಗೆಯಿಂದ ಮೂರು ಏಟು ಕೊಡುತ್ತಿದ್ದ. ಸ್ಕ್ರೂಡ್ರೈವರಿನ ಮೂತಿಯನ್ನು ವಾಲ್ವ್ ಉಜ್ಜುವ ತರಿತರಿ ಪೇಸ್ಟಿನಲ್ಲಿ ಅದ್ದಿ, ಮೈಯ ಭಾರವೆಲ್ಲ ಅಂಗೈಗೆ ತಂದು ಒತ್ತಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದು ಕೂದಲೆಳೆ ತಿರುಗಿಸುತ್ತಿದ್ದ. ಆಮೇಲೆ ಹಿಂದಕ್ಕೆ. ಕಟ್ ಅಂತ ಒಂದು ಸದ್ದು ಬರುತ್ತಿತ್ತು. ಆ ಸದ್ದು ಬಂದ ಮೇಲೆ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ; ನೋಡುವುದು ಬೇರೆಯವರ ಕೆಲಸ ಎಂಬಂತೆ ಇರುತ್ತಿದ್ದ.

ಕೈ ಎಷ್ಟು ಹಗುರವೋ ನಾಲಿಗೆ ಅಷ್ಟೇ ಹರಿತ. ಆ ನಾಲಿಗೆಗೆ ಪ್ರತಿದಿನ ಸಿಕ್ಕಿದವನು ಅವನ ಅಳಿಯ.

ಅಳಿಯ ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೆಲಸಗಾರನಾಗಿ ಬಂದಿದ್ದ. ಗಿರಾಕಿಗಳ ಜೊತೆ ಚೆನ್ನಾಗಿ ಮಾತಾಡುತ್ತಿದ್ದ, ವಯರಿಂಗ್ ಕೆಲಸದಲ್ಲಿ ಚುರುಕಾಗಿದ್ದ. ಸ್ಕ್ರೂ ಎದುರಿಗೆ ಬಂದರೆ ಮಾತ್ರ ಅವನಿಗೆ ಅವಸರ. ಕೈಗೆ ಸಿಕ್ಕಿದ ಸ್ಕ್ರೂಡ್ರೈವರ್ ಹಾಕಿ ತಿರುವುತ್ತಿದ್ದ. ಅದು ಜಾರಿ ತಲೆ ಸವೆಯುತ್ತಿತ್ತು. ಮೇಸ್ತ್ರಿ ಅವನಿಗೆ ಆತುರಪ್ಪ ಎಂದು ಹೆಸರಿಟ್ಟ. ಒಬ್ಬಳೇ ಮಗಳನ್ನು ಕೊಟ್ಟು ಮದುವೆ ಮಾಡಿದ ಮೇಲೂ ಆ ಹೆಸರು ಬಿಡಲಿಲ್ಲ. ಜೊತೆಗೆ ಬಹುವಚನ ಸೇರಿಸಿದ, ಅಷ್ಟೆ. "ಆತುರಪ್ಪನವರು ಬಂದರು, ಎಲ್ಲ ಸ್ವಲ್ಪ ದಾರಿ ಬಿಡಿ" ಎನ್ನುತ್ತಿದ್ದ, ಗಿರಾಕಿಗಳ ಮುಂದೆ.

ಅದಕ್ಕಿಂತ ಹೆಚ್ಚಿನದು ಹಲಗೆ. ಅಂಗಡಿಯ ಎದುರು ಗೋಡೆಗೆ ಮೇಸ್ತ್ರಿ ಒಂದು ಮರದ ಹಲಗೆ ಹೊಡೆಸಿದ್ದ. ಅಳಿಯ ಕೆಡಿಸಿದ ಪ್ರತಿಯೊಂದು ಸ್ಕ್ರೂವನ್ನೂ ತಾನು ಬಿಚ್ಚಿ ತೆಗೆದ ಮೇಲೆ ಎಸೆಯುತ್ತಿರಲಿಲ್ಲ. ಆ ಹಲಗೆಯಲ್ಲಿ ತೂತು ಕೊರೆದು ಸಾಲಾಗಿ ನೆಡುತ್ತಿದ್ದ. ಕೆಳಗೆ ತಾರೀಕು. ತಾರೀಕು ಬರೆಯುತ್ತಿದ್ದವಳು ಮಗಳು. ಬಂದ ಎಂಜಿನ್‌ಗಳಿಗೆ ಚೀಟಿ ಕಟ್ಟುವುದು ಅವಳ ಕೆಲಸವಾದ್ದರಿಂದ ಪೆನ್ನು ಅವಳ ಕೈಯಲ್ಲೇ ಇರುತ್ತಿತ್ತು, ಅಕ್ಷರವೂ ದುಂಡಗಿತ್ತು. ಮೊದಮೊದಲು ಅವಳಿಗೂ ಅದು ತಮಾಷೆಯೇ. ಬರೆದು ಗಂಡನ ಕಡೆ ತಿರುಗಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಹನ್ನೊಂದು ವರ್ಷದಲ್ಲಿ ಹಲಗೆ ತುಂಬಿ, ಎರಡನೆಯದು ಬಂತು. ಅವನು ನಗುವುದನ್ನು ಯಾವಾಗ ನಿಲ್ಲಿಸಿದ ಎಂಬುದನ್ನು ಯಾರೂ ಗಮನಿಸಲಿಲ್ಲ.

ಒಂದು ಬೆಳಿಗ್ಗೆ ಜನರೇಟರಿನ ಹಗ್ಗ ಎಳೆಯಲು ಬಗ್ಗಿದ ಮೇಸ್ತ್ರಿ ಹಾಗೆಯೇ ಮಗ್ಗುಲಿಗೆ ಉರುಳಿದ. ಆಸ್ಪತ್ರೆಯಿಂದ ಮನೆಗೆ ಬರುವಾಗ ಮೂರು ವಾರ ಕಳೆದಿತ್ತು. ಬಲಗಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು, ಬಲಗೈ ಅರ್ಧ ಮುಚ್ಚಿದ ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿತ್ತು. ಆ ಕೈಗೆ ಬಿಸಿ ತಣ್ಣನೆ ಏನೂ ತಿಳಿಯುವುದಿಲ್ಲ, ಸ್ನಾನದ ನೀರನ್ನು ನೀವೇ ಮುಟ್ಟಿ ನೋಡಿ ಎಂದು ವ್ಯಾಯಾಮ ಹೇಳಿಕೊಡಲು ಬಂದ ಹೆಂಗಸು ಮಗಳಿಗೆ ಎರಡೆರಡು ಸಲ ಎಚ್ಚರಿಸಿದ್ದಳು. ಬೆರಳಿಗೆ ಕೆಲಸ ಕೊಡಿ, ಏನಾದರೂ ಹಿಡಿಯಲಿ, ತಿರುಗಿಸಲಿ ಎಂದೂ ಹೇಳಿದ್ದಳು.

ಸ್ಕ್ರೂ ಕೊಡೋಣ ಎಂದು ಹೇಳಿದವನು ಅಳಿಯನೇ.

ಹಳೆಯ ಕಾರ್ಬೊರೇಟರ್ ಒಂದನ್ನು ತೊಳೆದು, ಅದರ ಮುಚ್ಚಳದ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕಿ, ಬಿಗಿಯಾಗಿ ಹಿಡಿಯುವ ವೈಸಿಗೆ ಕಚ್ಚಿಸಿ, ಮಾವನ ಕುರ್ಚಿಯ ಎದುರಿಗಿಟ್ಟ. ಬಲಗೈಯ ಮುಷ್ಟಿಯನ್ನು ಸ್ಕ್ರೂಡ್ರೈವರಿನ ಹಿಡಿಗೆ ತಾನೇ ಸುತ್ತಿಸಿ, ಎಡಗೈಯನ್ನು ಅದರ ಮೇಲೆ ಇರಿಸಿದ. "ನಾಲ್ಕೇ ನಾಲ್ಕು ಮಾವ. ಬಿಚ್ಚಿ ಕೊಟ್ಟುಬಿಡಿ, ಆಮೇಲೆ ತಿಂಡಿ" ಎಂದ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಗಂಡನಿಗೆ ಇಷ್ಟು ತಾಳ್ಮೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಆ ದಿನ ಅವಳ ಕಣ್ಣು ತುಂಬಿ ಬಂತು.

ಮೊದಲ ವಾರ ಮೂರು ಸ್ಕ್ರೂ ಬಂದವು, ನಾಲ್ಕನೆಯದು ಬರಲಿಲ್ಲ. ಎರಡನೆಯ ವಾರವೂ ಅಷ್ಟೆ. ಮೂರನೆಯದು ಕೈಗೆ ಬರುವಷ್ಟರಲ್ಲಿ ಮೇಸ್ತ್ರಿಯ ಬನಿಯನ್ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ನಾಲ್ಕನೆಯದರ ಮೇಲೆ ಒತ್ತಿ ಒತ್ತಿ ಎಡ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅದು ಬರುವವರೆಗೆ ತಿಂಡಿ ಬೇಡ ಎಂದು ತಟ್ಟೆ ದೂಡುತ್ತಿದ್ದ. ಮಧ್ಯಾಹ್ನವಾದರೂ ದೂಡುತ್ತಿದ್ದ. ಮೊದಲೇ ಇಳಿದುಹೋಗಿದ್ದ ಮೈ, ಕೊರಳ ಮೂಳೆ ಎದ್ದು ಕಾಣುವ ಹಾಗಾಯಿತು. ಒಂದೆರಡು ದಿನ ನಿಲ್ಲಿಸೋಣ ಎಂದು ಮಗಳು ಹೇಳಿದಾಗ ಗಂಡ, ನಿಲ್ಲಿಸಿದರೆ ಕೈ ಕಟ್ಟಿಗೆಯಾಗುತ್ತದೆ, ಆಮೇಲೆ ನನ್ನನ್ನು ದೂರಬೇಡ ಎಂದ.

ಒಳಗೆ ಬೆಳಕು ಸಾಲದು ಎಂದು ಅವನು ಕುರ್ಚಿಯನ್ನೂ ವೈಸನ್ನೂ ಅಂಗಡಿಯ ಬಾಗಿಲ ಹತ್ತಿರಕ್ಕೆ ತಂದ. ಅಲ್ಲಿಂದ ಬೀದಿಗೆಲ್ಲ ಕಾಣುತ್ತಿತ್ತು. ಹಿಂಬಾಗಿಲಿನಿಂದ ಬರುತ್ತಿದ್ದ ಮೆಕ್ಯಾನಿಕ್‌ಗಳು ಈಗ ಮುಂಬಾಗಿಲಲ್ಲೇ ನಿಲ್ಲತೊಡಗಿದರು. ಮೇಸ್ತ್ರಿಯ ನಾಲಿಗೆಯ ಏಟು ತಿಂದವರು ಅವರಲ್ಲಿ ಕಡಿಮೆ ಇರಲಿಲ್ಲ. ಏನು ಮೇಸ್ತ್ರಿ, ಇವತ್ತಾದರೂ ಬಂತಾ ಎಂದು ಕೇಳುವುದು ಒಂದು ವಾಡಿಕೆಯಾಯಿತು. ಒಬ್ಬನಂತೂ ದಿನಾ ಟೀ ಹೊತ್ತಿಗೆ ಸರಿಯಾಗಿ ಬಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದ. ಮೇಸ್ತ್ರಿ ಉತ್ತರ ಕೊಡಲು ಬಾಯಿ ತೆರೆದರೆ ತುಟಿಯ ಬಲ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಅಳಿಯ ಬಂದು ಬಹಳ ಮರ್ಯಾದೆಯಿಂದ ಅದನ್ನು ಒರೆಸುತ್ತಿದ್ದ. "ಆತುರ ಮಾಡಬೇಡಿ ಮಾವ" ಎನ್ನುತ್ತಿದ್ದ. ಅದಕ್ಕೂ ನಗು ಬೀಳುತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಊಟಕ್ಕೆ ಬರಬೇಕಾದ ಗಂಡ ಬರಲಿಲ್ಲವೆಂದು ಅವಳು ಮನೆಯ ಕಡೆಯ ಬಾಗಿಲಿನಿಂದ ಒಳಗೆ ಬಂದಳು. ಅವನು ಬೆನ್ನು ಹಾಕಿ ಕೂತಿದ್ದ. ಕಾರ್ಬೊರೇಟರ್ ತೊಡೆಯ ಮೇಲಿತ್ತು. ಒಂದು ಸ್ಕ್ರೂವಿನ ಗೀರನ್ನು ಕಿರು ಅರದಿಂದ ಸಾವಕಾಶವಾಗಿ ಸವೆಸುತ್ತಿದ್ದ. ಉಜ್ಜುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಉಜ್ಜುವುದು. ಆಮೇಲೆ ಒಂದು ಪುಟ್ಟ ಬಾಟಲಿ ತೆಗೆದು ಸ್ಕ್ರೂ ಮೈಯ ಸುರುಳಿ ಥ್ರೆಡ್ಡಿನ ಮೇಲೆ ಕೆಂಪು ಅಂಟನ್ನು ಸುತ್ತಲೂ ಸವರಿದ. ಎಂಜಿನ್ನಿನ ಅದುರುವಿಕೆಗೂ ಅಲುಗಬಾರದ ಬೋಲ್ಟುಗಳಿಗೆ ಹಾಕುವ ಅಂಟು ಅದು. ಒಣಗಿತೆಂದರೆ ಬೆಂಕಿ ತೋರಿಸದೆ ಬಿಡುವುದಿಲ್ಲ. ಸ್ಕ್ರೂವನ್ನು ತೂತಿಗಿಟ್ಟು, ಅವನು ಬಲವಾಗಿ, ತಲೆ ಚೂರೂ ಜಾರದಂತೆ ಬಿಗಿದ. ಅಷ್ಟು ಶುದ್ಧವಾದ ಕೆಲಸ ಅವನು ಮಾಡಿದ್ದನ್ನು ಅವಳು ನೋಡಿಯೇ ಇರಲಿಲ್ಲ.

"ಏನು ಮಾಡ್ತಿದ್ದೀರಿ?" ಎಂದಳು.

ಅವನು ಬೆಚ್ಚಲಿಲ್ಲ. "ನಾಳೆಗೆ ರೆಡಿ ಮಾಡ್ತಿದ್ದೀನಿ."

"ಅಂಟು ಹಾಕಿದ್ರೆ ಅದು ಬರುತ್ತಾ?"

"ಬರಲ್ಲ."

 ಇವನು ಸುಳ್ಳಾದರೂ ಹೇಳಬಹುದಿತ್ತು ಎಂದು ಅವಳಿಗನ್ನಿಸಿತು. ಕಾಯಿಲೆ ಬಿದ್ದವರ ಮೇಲೆ ಹಗೆ ಸಾಧಿಸುವುದಾ, ಮನುಷ್ಯರು ಮಾಡುವ ಕೆಲಸವಾ ಎಂದು ಕೇಳಿದಳು. ಅವನು ಬಾಟಲಿಯ ಮುಚ್ಚಳ ತಿರುಗಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಎದುರು ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದ.

"ಹನ್ನೊಂದು ವರ್ಷ. ಅಲ್ಲಿ ತಾರೀಕು ಬರೆದಿರೋದು ಯಾರ ಅಕ್ಷರ? ಸ್ವಲ್ಪ ಓದಿ ಹೇಳು."

ಅವಳು ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಮೂರನೆಯ ಸಾಲಿನ ಕೊನೆಯ ತಾರೀಕು ಅವರ ಮಗು ಹುಟ್ಟಿ ಎರಡೇ ದಿನಕ್ಕೆ ತೀರಿಕೊಂಡ ವಾರದ್ದು. ಆ ವಾರ ಅವನ ಕೈ ನಡುಗಿ ಸ್ಕ್ರೂ ಕೆಟ್ಟಿತ್ತು. ಆ ವಾರವೂ ಅಪ್ಪ ಹಲಗೆಗೆ ತೂತು ಕೊರೆದಿದ್ದ, ಆ ವಾರವೂ ಅವಳು ಪೆನ್ನು ತೆಗೆದುಕೊಂಡಿದ್ದಳು. ಅವಳಿಗೆ ಈಗ ಅದು ನೆನಪಾಯಿತು. ಊಟ ಆರಿಹೋಗುತ್ತೆ ಎಂದಷ್ಟೇ ಹೇಳಿ ಒಳಗೆ ಹೋದಳು.

ಆದರೆ ಸಂಜೆ ಅವನು ಪಂಪ್ ಒಂದನ್ನು ತಲುಪಿಸಲು ಹೋದಾಗ ಅವಳು ಸುಮ್ಮನಿರಲಿಲ್ಲ. ಅಪ್ಪ ಒಳಗೆ ಮಲಗಿದ್ದ. ಬೆಸುಗೆ ಹಾಕುವ ಕಡ್ಡಿಯನ್ನು ಕರೆಂಟಿಗೆ ಚುಚ್ಚಿ, ಕಾದ ಮೂತಿಯನ್ನು ನಾಲ್ಕನೆಯ ಸ್ಕ್ರೂವಿನ ನೆತ್ತಿಗೆ ಒತ್ತಿ ಹಿಡಿದಳು. ಕೈ ಸೋತಾಗ ಕೈ ಬದಲಿಸಿದಳು. ಬಹಳ ಹೊತ್ತಿನ ಮೇಲೆ ಅಂಟು ಕರಗಿದ ಘಾಟು ಬಂತು. ಇಪ್ಪತ್ತು ವರ್ಷ ಅಪ್ಪನ ಕೈಯನ್ನು ನೋಡುತ್ತಾ ಬಂದವಳು. ಪೇಸ್ಟಿನಲ್ಲಿ ಅದ್ದಿ, ಒತ್ತಿ, ಮೊದಲು ಬಿಗಿಯುವ ಕಡೆ, ಆಮೇಲೆ ಬಿಚ್ಚುವ ಕಡೆ ತಿರುಗಿಸಿದಳು. ಬಂತು. ಮತ್ತೆ ಅಲ್ಲಿಯೇ ಇಟ್ಟು, ಒಬ್ಬ ಕಾಯಿಲೆಯವನು ಎಷ್ಟು ಕಷ್ಟಪಡಬಹುದೋ ಅಷ್ಟೇ ಬಿಗಿ ಮಾಡಿದಳು.

ಮರುದಿನ ಬೆಳಿಗ್ಗೆ ನಾಲ್ಕನೆಯ ಸ್ಕ್ರೂ ಬಂತು. ಸ್ಟೂಲ್ ಮೇಲೆ ಕೂತಿದ್ದ ಮೆಕ್ಯಾನಿಕ್ ಎದ್ದು ನಿಂತ. ಅಳಿಯ ವಯರು ಸುತ್ತುತ್ತಿದ್ದ ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಅವಳು ಅಪ್ಪನ ಮುಖ ನೋಡುತ್ತಿದ್ದಳು. ಇಷ್ಟು ದಿನದ ಮೇಲೆ ಈ ಮುಖ ಅರಳುತ್ತದೆ ಎಂದು ಕಾಯುತ್ತಿದ್ದಳು.

ಮೇಸ್ತ್ರಿ ಸ್ಕ್ರೂವನ್ನು ಎಡಗೈಯ ಎರಡು ಬೆರಳಲ್ಲಿ ಎತ್ತಿ ಕಣ್ಣಿನ ಹತ್ತಿರ ತಂದ. ಥ್ರೆಡ್ಡಿನ ಸಂದಿಯಲ್ಲಿ ಸುಟ್ಟ ಅಂಟು ಪುಡಿಪುಡಿಯಾಗಿ ಕೂತಿತ್ತು. ಮೂಸಿ ನೋಡಿದ. ಆಮೇಲೆ ತಲೆ ಎತ್ತಿ, ಅಳಿಯನನ್ನಲ್ಲ, ಮಗಳನ್ನು ನೋಡಿದ.

"ನೀನಾ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು.

"ನಿನ್ನ ಯಾರು ಕರೆದ್ರು?"

ತೊದಲು ಮಾತೇ ಆದರೂ ಪ್ರತಿ ಅಕ್ಷರವೂ ತಿಳಿಯಿತು. ಅಪ್ಪಾ, ಅದಕ್ಕೆ ಅಂಟು ಹಾಕಿದ್ದರು, ನಿನಗೆ ಗೊತ್ತಿಲ್ಲ ಎಂದು ಅವಳು ಹೇಳಲು ಹೋದಳು. ಅವನು ಎಡಗೈ ಎತ್ತಿ ತಡೆದ. ಎರಡನೆಯ ವಾರದಲ್ಲೇ ಗೊತ್ತಾಗಿತ್ತಂತೆ. ವಾಸನೆಯಿಂದಲೇ ತಿಳಿಯಿತಂತೆ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಅವಳು ಕೇಳಿದಳು. ಅವನು ಮಾತನ್ನು ಒಂದೊಂದಾಗಿ ಹೊರಗೆ ದಬ್ಬಿದ.

"ಇವನು ನನ್ನ... ಮೇಸ್ತ್ರಿ ಅಂತ ತಿಳ್ಕೊಂಡು ಸ್ಕ್ರೂ ಕೊಟ್ಟ. ನೀನು ರೋಗಿ ಅಂತ ತಿಳ್ಕೊಂಡು ಬಿಚ್ಚಿಟ್ಟೆ."

ಆ ಸ್ಕ್ರೂವನ್ನು ಅವಳ ಕಾಲ ಹತ್ತಿರ ಎಸೆದು, ಅಳಿಯನ ಕಡೆ ತಿರುಗಿ, ಇನ್ನೊಂದು ಹಾಕು ಎಂದ. ಅಂಟು ಜಾಸ್ತಿ ಹಾಕು ಎಂದ. ಅಳಿಯ ನಿಧಾನವಾಗಿ ತಲೆಯಾಡಿಸಿದ. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಆಮೇಲಿನ ಹತ್ತೊಂಬತ್ತು ದಿನ ಮಗಳನ್ನು ಅಪ್ಪ ಮಾತಾಡಿಸಲಿಲ್ಲ. ಊಟ ಕೊಟ್ಟರೆ ಉಂಡ, ಸ್ನಾನ ಮಾಡಿಸಿದರೆ ಮಾಡಿಸಿಕೊಂಡ. ಇಡೀ ದಿನ ವೈಸಿನ ಮುಂದೆ ಇರುತ್ತಿದ್ದ. ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸ್ಕ್ರೂವಿನ ತಲೆಗೆ ಹೊಸ ಗೀರು ಕೊರೆದ, ಅದೂ ಕಿತ್ತುಬಂತು. ಉಳಿಯ ಮೂಲೆಯಿಂದ ಅಂಚಿಗೆ ಬಡಿದ. ಎಡಗೈಯ ಗುರಿ ತಪ್ಪಿ ಬಲಗೈಯ ಹೆಬ್ಬೆರಳು ಜಜ್ಜಿತು. ಜಜ್ಜಿದ್ದು ಅವನಿಗೆ ಗೊತ್ತಾದದ್ದು ರಕ್ತ ನೋಡಿದ ಮೇಲೆ. ಅಳಿಯ ಮುಂದೆ ನಿಂತು ನೋಡುತ್ತಿದ್ದ. ಬೆಸುಗೆ ಕಡ್ಡಿಯನ್ನೂ ಡ್ರಿಲ್ಲನ್ನೂ ಕಪಾಟಿಗೆ ಹಾಕಿ ಬೀಗ ಹಾಕಿದ್ದ. ಕರೆಂಟು ಬೆಂಕಿ ಎರಡೂ ಕಾಯಿಲೆಯವರ ಕೈಗೆ ಕೊಡಬಾರದು, ಡಾಕ್ಟರು ಹೇಳಿದ್ದಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅದು ನಿಜವೂ ಆಗಿತ್ತು.

ಇಪ್ಪತ್ತನೆಯ ದಿನ ಅಳಿಯ ಬಿಡಿಭಾಗ ತರಲು ಹೋಗಿದ್ದ. ಮೇಸ್ತ್ರಿ ಮಗಳನ್ನು ಕರೆದ. ಅಪ್ಪ ತನ್ನನ್ನು ಕರೆದನೆಂಬುದೇ ಅವಳಿಗೆ ದೊಡ್ಡದಾಯಿತು. ಕೈ ಒರೆಸಿಕೊಳ್ಳದೆ ಓಡಿ ಬಂದಳು. ಅವನು ಕಪಾಟಿನ ಮೇಲಿದ್ದ ಉರಿ ಕಾರುವ ಹಳೆಯ ಗ್ಯಾಸ್ ಟಾರ್ಚ್ ತೋರಿಸಿದ. ತನಗೆ ಒಂದು ಕೈ ಒತ್ತಿ ಹಿಡಿಯಲು ಬೇಕು, ಒಂದು ಕೈ ತಿರುಗಿಸಲು ಬೇಕು, ಉರಿ ಹಿಡಿಯಲು ಮೂರನೆಯ ಕೈ ಬೇಕು. ಅಷ್ಟು ಮಾತ್ರ ಮಾಡು, ಬೇರೇನೂ ಮುಟ್ಟಬೇಡ ಎಂದ.

ಅವಳು ಒಂದು ಕ್ಷಣ ಹಿಂದುಮುಂದು ನೋಡಿದಳು. ಆಗಲ್ಲ ಎಂದರೆ ಅಪ್ಪ ಇನ್ನು ಸಾಯುವವರೆಗೂ ಕರೆಯುವುದಿಲ್ಲ ಎಂದು ಅವಳಿಗೆ ಖಚಿತವಾಗಿತ್ತು. ಟಾರ್ಚ್ ಇಳಿಸಿದಳು.

ವೈಸು ಬಿಸಿಯನ್ನೆಲ್ಲ ಕುಡಿದುಬಿಡುತ್ತದೆಂದು ಅವನು ಕಾರ್ಬೊರೇಟರನ್ನು ಅದರಿಂದ ಬಿಡಿಸಿ ಇಟ್ಟಿಗೆಯ ಮೇಲೆ ಇಡಿಸಿದ. ಮಡಚಿದ ಬಟ್ಟೆಯೊಂದನ್ನು ಹಾಕಿ, ಅದರ ಮೇಲೆ ಬಲಗೈಯನ್ನು ಎತ್ತಿ ಇರಿಸಿಕೊಂಡು, ಭುಜದ ಭಾರ ಬಿಟ್ಟು ಕಾರ್ಬೊರೇಟರನ್ನು ಅಲುಗದಂತೆ ಒತ್ತಿ ಹಿಡಿದ. ಅವಳು ಉರಿಯನ್ನು ಸೂಜಿಯಷ್ಟು ಸಣ್ಣಗೆ ಮಾಡಿ ಸ್ಕ್ರೂವಿಗೆ ತೋರಿಸಿದಳು. ಇನ್ನೂ ಎಂದ. ಹಿಡಿದಳು. ಇನ್ನೂ ಎಂದ. ಅವಳ ಕಣ್ಣೆಲ್ಲ ಆ ಸ್ಕ್ರೂವಿನ ಮೇಲಿತ್ತು. ಏನೋ ಸುಡುವ ವಾಸನೆ ಬಂದಾಗ ಅಂಟು ಕರಗಿತು ಎಂದುಕೊಂಡಳು. ಅವನೂ ಹಾಗೆಯೇ ಅಂದುಕೊಂಡನೇನೋ. ಮುಖದಲ್ಲಿ ಹಳೆಯ ಮೇಸ್ತ್ರಿ ಬಂದು ಕೂತಿದ್ದ. ಎಡಗೈಯಲ್ಲಿ ಸ್ಕ್ರೂಡ್ರೈವರ್ ಇಟ್ಟು, ಎದೆ ಕೊಟ್ಟು ಒತ್ತಿ, ಕೂದಲೆಳೆಯಷ್ಟು ಬಿಗಿದು, ಹಿಂದಕ್ಕೆ ತಿರುಗಿಸಿದ. ಕಟ್ ಅಂದಿತು.

ಸರಿಯಾಗಿ ಆಗಲೇ ಅಳಿಯ ಒಳಗೆ ಬಂದ. ಅವನ ಕಣ್ಣು ಮೊದಲು ಹೋದದ್ದು ಸ್ಕ್ರೂವಿನ ಮೇಲೆ. ಇಕ್ಕಳದಿಂದ ಅದನ್ನು ಎತ್ತಿ ತಿರುಗಿಸಿ ನೋಡಿದ. "ಬಿಚ್ಚಿಬಿಟ್ರಲ್ಲ ಮಾವ" ಎಂದ. ಆ ದನಿಯಲ್ಲಿ ಕುಹಕ ಇರಲಿಲ್ಲ. ಮೇಸ್ತ್ರಿ ಬಲಗೈಯನ್ನು ಎತ್ತಿಕೊಳ್ಳಲು ನೋಡಿದ. ಕೈ ಬರಲಿಲ್ಲ. ಬಟ್ಟೆ ಒಂದು ಪಕ್ಕಕ್ಕೆ ಸರಿದು ಕರಿಯಾಗಿತ್ತು. ಕಿರುಬೆರಳೂ ಅದರ ಪಕ್ಕದ್ದೂ ಕಾದ ಲೋಹಕ್ಕೆ ಅಂಟಿಕೊಂಡಿದ್ದವು. ಮೂವರೂ ಅದನ್ನು ನೋಡಿದರು. ನೋವಿನಿಂದ ಕೂಗಬೇಕಾದವನು ಕೂಗಲಿಲ್ಲ, ಯಾಕೆಂದರೆ ಅವನಿಗೆ ನೋವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಆ ಎರಡು ಬೆರಳನ್ನು ತೆಗೆದರು. ಬೆಂಕಿ ಹಿಡಿದವರು ಯಾರು ಎಂದು ಡಾಕ್ಟರು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ಗಂಡ, ಇವಳು ಎಂದ. ಅಪ್ಪ ಹೌದೆಂದು ತಲೆಯಾಡಿಸಿದ. ಕೈಗೆ ಬಿಸಿ ತಿಳಿಯುವುದಿಲ್ಲ ಎಂದು ನಿಮಗೆ ಹೇಳಿರಲಿಲ್ಲವಾ ಎಂದು ಡಾಕ್ಟರು ಅವಳನ್ನು ಕೇಳಿದರು. ಹೇಳಿದ್ದರು ಎಂದಳು. ಅವಳು ಮನೆ ಸೇರುವ ಮೊದಲೇ ಆ ಮಾತು ಬೀದಿಯೆಲ್ಲ ಹರಡಿತ್ತು. ತರಕಾರಿ ಅಂಗಡಿಯವಳು ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು.

ಆ ಇಬ್ಬರು ಗಂಡಸರಿಗೆ ಮಾತ್ರ ಹೊಸ ಜೀವ ಬಂದಂತಾಯಿತು. ಪಟ್ಟಿ ಕಟ್ಟಿಸಲು ಅಳಿಯನೇ ಮಾವನನ್ನು ಕರೆದುಕೊಂಡು ಹೋಗುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಳಗೆ ಕೂತು ಎಂಜಿನ್ ವಿಷಯ ಮಾತಾಡುತ್ತಿದ್ದರು. ಆ ಕಾಲದ ಪಿಸ್ಟನ್ನು, ಈ ಕಾಲದ ಪ್ಲಾಸ್ಟಿಕ್ಕು. ಅಂಟು ಎಷ್ಟು ಸುತ್ತು ಹಾಕಿದ್ದೆ ಎಂದು ಮಾವ ಕೇಳುವುದು, ಮೂರು ಸುತ್ತು ಎಂದು ಅಳಿಯ ಹೇಳುವುದು, ಇಬ್ಬರೂ ನಗುವುದು. ಒಂದು ದಿನ ಅವಳು ಟೀ ಲೋಟ ಹಿಡಿದು ಬಾಗಿಲಿಗೆ ಬಂದಾಗ ಅಪ್ಪ ಹೇಳುತ್ತಿದ್ದ:

"ಇವಳಿಗೆ ಬರೆಯೋದು ಬಿಟ್ಟು ಏನೂ ಬರಲ್ಲ. ಒಂದು ಉರಿ ನೆಟ್ಟಗೆ ಹಿಡಿಯೋಕೂ ಬರಲ್ಲ."

ಗಂಡ ನಕ್ಕ. ಅವಳು ಲೋಟಗಳನ್ನು ಇಟ್ಟು ಬಂದಳು.

ಮುಂದಿನ ವಾರ ಔಷಧಿ ಬಾಟಲಿಗಳಿಗೆ ಚೀಟಿ ಅಂಟಿಸುವ ಒಂದು ಕಾರ್ಖಾನೆಯಲ್ಲಿ ಅವಳು ಕೆಲಸಕ್ಕೆ ಸೇರಿದಳು. ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊರಡುವಾಗ ಗಂಡ, ಮಾವನ ಸ್ನಾನ ಯಾರು ಮಾಡಿಸಬೇಕು ಎಂದು ಕೇಳಿದ. ಒಳಗಿಂದ ಅಪ್ಪ ಎಲ್ಲಿಗೆ ಎಂದು ಕೂಗಿದ. ಅವಳು ಇಬ್ಬರಿಗೂ ಸೇರಿ ಒಂದೇ ಉತ್ತರ ಕೊಟ್ಟಳು.

"ನೀವೇ ನೋಡ್ಕೊಳ್ಳಿ."

ಸಂಜೆ ಆರಕ್ಕೆ ವಾಪಸ್ಸು ಬಂದಾಗ ಗಂಡ ಅಂಗಡಿಯ ಮೂಲೆಯಲ್ಲಿ ಮುಖ ಕೆಳಗೆ ಹಾಕಿ ಏನೋ ಉಜ್ಜುತ್ತಿದ್ದ. ಒಳಗೆ ಅಪ್ಪ ಅದೇ ಕುರ್ಚಿಯಲ್ಲಿ, ಬೆಳಗಿನ ಬಟ್ಟೆಯಲ್ಲೇ, ತೊಡೆಯಿಂದ ಮೊಣಕಾಲವರೆಗೆ ಒದ್ದೆಯಾಗಿ ಕೂತಿದ್ದ. ಕೋಣೆ ನಾರುತ್ತಿತ್ತು. ಅವನ ಕಣ್ಣಲ್ಲಿ ನೀರು ತುಂಬಿತ್ತು. ಬಂದೆಯಾ ಎಂದ.

ಅವಳು ಬಂದೆ ಎಂದಳು. ಕೈಕಾಲು ತೊಳೆದುಕೊಂಡು ಅಡುಗೆಮನೆಗೆ ಹೋದಳು. ತಟ್ಟೆಗೆ ಬಡಿಸಿಕೊಂಡು, ಕಿಟಕಿಯ ಪಕ್ಕ ಕೂತು, ನಿಧಾನವಾಗಿ, ಪೂರ್ತಿ ಊಟ ಮಾಡಿದಳು. ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ಆಮೇಲೆ ಅಪ್ಪನ ಬಟ್ಟೆ ಬದಲಾಯಿಸಲು ಎದ್ದಳು.